ಎಲೆ ಮಾತ್ರ ಕೊನೆಗೆ

ಹಲೋ... ಹಲೋ, ಯಾರು ಮಾತಾಡ್ತಿರೋದು?...

ಹಾಂ? ಹೌದು, ಹಲಸೂರೇ. ರಾಮಲಕ್ಷ್ಮಮ್ಮಾನೇ ಮಾತಾಡ್ತಿರೋದು. ನೀವ್ಯಾರು, ಅದು ಹೇಳ್ರಿ ಮೊದ್ಲು. ಲೋನ್ ಬೇಕಾ, ಕಾರ್ಡ್ ಬೇಕಾ ಅಂತ ಕೇಳೋ ಹಾಗಿದ್ರೆ ಈಗ್ಲೇ ಇಟ್ಬಿಡಿ, ಒಲೆ ಮೇಲೆ ಹಾಲಿದೆ...

ಏನು ಹೆಸರಂದ್ರಿ?... ಸರಿಯಾಗಿ ಕೇಳಿಸ್ತಿಲ್ಲ...

ಆದಿಲ್ಲಾ? ಯಾವ ಆದಿಲ್?... ನಮ್ಮ ಹಂಸನ...

ಅಯ್ಯೋ ದೇವ್ರೇ. ಇರು, ಇರು, ಫೋನ್ ಇಡಬೇಡ. ಹಾಲು ಉಕ್ತಾ ಇದೆ, ಇಳಿಸ್ತೀನಿ. ಇಡಬೇಡ ಕಣಪ್ಪಾ...

ಹಾಂ, ಹೇಳು. ಸ್ವಲ್ಪ ಮೆತ್ತಗೆ ಮಾತಾಡು. ಇವರು ಹಾಲ್‌ನಲ್ಲಿ ಟೀವಿ ಮುಂದೆ ಕೂತಿದಾರೆ. ಎರಡು ವರ್ಷ ಆಯ್ತಲ್ಲೋ, ನೀವಿಬ್ಬರೂ ರಿಜಿಸ್ಟರ್ ಆಫೀಸಲ್ಲಿ ಮದುವೆ ಮಾಡ್ಕೊಂಡು! ಒಂದು ದಿನ ಈ ಫೋನಲ್ಲಿ ನಿನ್ನ ದನಿ ಕೇಳಿಲ್ಲ. ಕಾಲೇಜು ಓದೋವಾಗ ಇದೇ ಅಡುಗೆಮನೇಲಿ ನೆಲದ ಮೇಲೆ ಕೂತು ಎರಡೆರಡು ಸಲ ಚಿತ್ರಾನ್ನ ಹಾಕಿಸ್ಕೊಂಡು ತಿಂದೋನು ನೀನು... ಅದಿರ್ಲಿ. ಹಂಸ ಹುಷಾರಾಗಿದಾಳೆ ತಾನೆ? ಅದು ಹೇಳು ಮೊದ್ಲು...

ಹುಷಾರಾಗಿದಾಳೆ. ಸರಿ. ಮತ್ತೆ ನಿನ್ನ ದನಿ ಯಾಕೆ ಹಾಗಿದೆ? ನೆಗಡೀನಾ?...

ಏನು? ಊಟ ಮಾಡ್ತಿಲ್ವಾ? ಒಂದು ತುತ್ತೂ ಇಲ್ವಾ? ನಿಮ್ಮಮ್ಮ ಏನೂ ಮಾಡಿ ಕೊಡ್ತಿಲ್ವಾ?... ಹಾಂ... ಶೋರ್ವಾ ಮಾಡಿ ಕೊಟ್ರೂ ಮುಟ್ಲಿಲ್ವಾ. ಗಂಜಿ?... ಅದೂ ಇಲ್ಲ. ಗೋಡೆ ಕಡೆ ತಿರುಗಿ ಮಲಗಿದಾಳಾ... ಚಿಕ್ಕೋಳಿದ್ದಾಗ್ಲೂ ಹಾಗೇನೇ, ಸಿಟ್ಟು ಬಂದ್ರೆ ಗೋಡೆಗೆ ಮುಖ. ಜಗಳ ಗಿಗಳ ಆಯ್ತಾ ನಿಮ್ಮಿಬ್ಬರಿಗೂ?... ಇಲ್ವಾ. ಮತ್ತೆ?...

ನೂಡಲ್ಸಾ?...

ನಾನು ಮಾಡೋ ನೂಡಲ್ಸಾ? ಟೊಮೆಟೊ ಹಾಕಿ, ಆ ಎಲೆ ಹಾಕಿ ಮಾಡ್ತೀನಲ್ಲ, ಅದಾ? ಅವಳೇ ಕೇಳಿದ್ಲಾ? ಬಾಯಿ ಬಿಟ್ಟು ಕೇಳಿದ್ಲಾ?... "ಅಮ್ಮ ಮಾಡೋದು" ಅಂದ್ಲಾ? ಇನ್ನೊಂದ್ಸಲ ಹೇಳಪ್ಪಾ, ಏನಂದ್ಲು?...

"ಅಮ್ಮ ಮಾಡೋ ಹಾಗಿದ್ರೆ ತಿಂತೀನಿ"...

ಅಯ್ಯೋ ಹುಚ್ಚಪ್ಪಾ! ಅದಕ್ಕೆ ಯಾಕೋ ಇಷ್ಟು ಹೆದರ್ಕೊಂಡಿದೀಯ? ಬಯಕೆ ಕಣೋ ಅದು, ಬಯಕೆ! ನೀವು ಹೇಳ್ದೆ ಇದ್ರೆ ನನಗೆ ಗೊತ್ತಾಗಲ್ವಾ? ನನ್ನ ತಂಗಿ ಯಮುನಾ ಇದಾಳಲ್ಲ, ಕೆ.ಆರ್. ಪುರದಲ್ಲಿ, ಅವಳು ಕಮರ್ಷಿಯಲ್ ಸ್ಟ್ರೀಟಲ್ಲಿ ಹಂಸನ್ನ ನೋಡಿದ್ಲಂತೆ. ಹೊಟ್ಟೆ ಚೆನ್ನಾಗಿ ಕಾಣ್ತಿತ್ತು ಕಣಕ್ಕಾ ಅಂದ್ಲು. ಅವತ್ತಿಂದ ನನ್ನ ಕಾಲು ನೆಲದ ಮೇಲಿಲ್ಲ. ಬಸುರಿಗೆ ಹಾಗೇನೇ ಆಗೋದು. ಗಂಡನ ಮನೇಲಿ ಬಿರಿಯಾನಿ ಮಾಡಿಟ್ರೂ ಸೇರಲ್ಲ, ತಾಯಿ ಕೈಯಿಂದಾನೇ ಬೇಕು ಅನ್ಸುತ್ತೆ. ನಾನು ಹಂಸನ್ನ ಹೊತ್ತಿದ್ದಾಗ ನಮ್ಮಮ್ಮ ಮಾಡೋ ಹುರುಳಿಕಾಳಿನ ಬಸ್ಸಾರು ಬೇಕು ಅಂತ ಅತ್ತಿದ್ದೆ. ಬಯಕೆ ತೀರಿಸದೆ ಇದ್ರೆ ಹುಟ್ಟೋ ಮಗು ಕಿವಿ ಸೋರುತ್ತೆ ಅಂತಿದ್ಲು ನಮ್ಮಮ್ಮ... ಎಷ್ಟಾಯ್ತು ಈಗ? ಏಳು ತುಂಬಿತಾ?...

ಆದಿಲ್?... ಹಲೋ? ಲೈನಲ್ಲಿ ಇದೀಯಾ?...

ಇದೀಯ ಅಲ್ವಾ. ಸುಮ್ಮನಾದ್ಯಲ್ಲ ಅಂತ ಕೇಳ್ದೆ. ಸರಿ ಬಿಡು, ಗಂಡಸರಿಗೆ ಇದೆಲ್ಲ ಮಾತಾಡೋಕೆ ನಾಚಿಕೆ. ಇವರೂ ಹಾಗೇ ಇದ್ರು...

ರೀ? ಏನಿಲ್ಲ ಕಣ್ರೀ, ಯಮುನಾ ಫೋನು. ಕಾಫಿ ತರ್ತೀನಿ ಹೋಗಿ, ಹಾಲು ಈಗ ಕಾಯ್ತು... ಹಾಂ ಹೇಳೇ ಯಮುನಾ, ನಿಮ್ಮ ಮನೆ ನಲ್ಲಿ ನೀರು ಬಂತೇನೇ? ಇಲ್ವಾ? ಟ್ಯಾಂಕರ್ ಹಾಕಿಸ್ಕೊಂಡ್ರಾ?...

ಹೋದ್ರು. ತಪ್ಪು ತಿಳ್ಕೋಬೇಡಪ್ಪಾ, ಅವರು ಬಾಗಿಲ ಹತ್ರ ಬಂದಾಗೆಲ್ಲ ನೀನು ಯಮುನಾ. ಹಂಸನ ಹೆಸರು ಎತ್ತಬಾರದು ಅಂದಿದಾರಲ್ಲ ಈ ಮನೇಲಿ... ಅಳಿಯ ಅಂತ ನಿನಗೆ ಬಹುವಚನ ಕೊಡ್ಬೇಕಿತ್ತು ನಾನು. ಬಾಯಿಗೆ ಬರ್ತಾನೇ ಇಲ್ಲ. ನೀನು ಆಂಟಿ ಅಂತಾನೇ ಅನ್ನು, ಆಮೇಲೆ ಸರಿ ಮಾಡ್ಕೊಳ್ಳೋಣ...

ಈಗ ಎಲ್ಲಿದೀಯ? ಅಡುಗೆಮನೇಲಾ? ಒಳ್ಳೇದು. ನೂಡಲ್ಸ್ ತಂದಿದೀಯಾ? ಯಾವುದು? ಮಸಾಲೆ ಪೊಟ್ಟಣ ಬರುತ್ತಲ್ಲ, ಅದಲ್ಲ... ಹಾಂ, ಉದ್ದಕ್ಕೆ ಇರೋದು, ಅದೇ. ದೊಡ್ಡ ಪಾತ್ರೇಲಿ ನೀರಿಡು. ಉಪ್ಪು ಈಗ್ಲೇ ಹಾಕು, ಕೈ ತುಂಬಾ ಹಾಕು, ಹೆದರ್ಕೋಬೇಡ. ಫೋನ್ ಸ್ಪೀಕರಿಗೆ ಹಾಕಿ ಪಕ್ಕದಲ್ಲಿಡು, ಎರಡೂ ಕೈ ಬೇಕಾಗುತ್ತೆ. ನನ್ನ ಫೋನಲ್ಲಿ ಚಾರ್ಜ್ ಬೇರೆ ಕಮ್ಮಿ ಇದೆ, ಕೆಂಪಗೆ ತೋರಿಸ್ತಿದೆ. ಬೇಗ ಬೇಗ ಹೇಳ್ಬಿಡ್ತೀನಿ...

ಟೊಮೆಟೊ ಯಾವುದು? ಗುಂಡಗೆ, ಚಪ್ಪಟೆ ಇದೆಯಾ, ಇಲ್ಲ ಮೊಟ್ಟೆ ಥರ ಉದ್ದಕ್ಕಾ?... ಚಪ್ಪಟೇದು. ನಾಟಿ ಅದು, ಹುಳಿ ಚೆನ್ನಾಗಿರುತ್ತೆ. ಸಣ್ಣಗೆ ಹೆಚ್ಚೋಕೆ ಹೋಗ್ಬೇಡ. ನಾಲ್ಕು ಸೀಳು ಮಾಡಿ ಕೈಯಲ್ಲೇ ಹಿಸುಕು. ಹಾಂ, ಕೈಯಲ್ಲೇ. ನಿಮ್ಮಮ್ಮ ನೋಡಿದ್ರೆ ನೋಡ್ಲಿ ಬಿಡು...

ಬೆಳ್ಳುಳ್ಳಿ ಜಜ್ಜಿದ್ಯಾ? ಬಾಣಲೆಗೆ ಎಣ್ಣೆ ಹಾಕು, ಸಣ್ಣ ಉರಿ. ಬೆಳ್ಳುಳ್ಳಿ ಕೆಂಪಾಗ್ಬಾರದು, ಕಹಿ ಬಂದ್ಬಿಡುತ್ತೆ. ವಾಸನೆ ಬಂತು ಅಂದ್ರೆ ಟೊಮೆಟೊ ಸುರಿ... ಬಂತಾ?... ಸುರಿ ಸುರಿ... ಹಾಂ, ಚುಂಯ್ ಅಂದಿದ್ದು ಇಲ್ಲಿಗೇ ಕೇಳಿಸ್ತು. ಒಂಚೂರು ಬೆಲ್ಲ ಹಾಕು, ಕಡಲೆಬೀಜದಷ್ಟು. ಅದು ನನ್ನ ಗುಟ್ಟು, ಹಂಸಂಗೂ ಹೇಳಿಲ್ಲ...

ಗೊತ್ತಾ, ಈ ಅಡುಗೆ ನಂದೇ ಅಲ್ಲ ಮೊದ್ಲಿಗೆ. ಹಂಸ ಮೊಬೈಲಲ್ಲಿ ಯಾವುದೋ ವಿಡಿಯೋ ನೋಡಿ, ಇಂದಿರಾನಗರದ ದೊಡ್ಡ ಅಂಗಡಿಯಿಂದ ಪ್ಲಾಸ್ಟಿಕ್ ಡಬ್ಬೀಲಿ ಚಿಟಿಕೆಯಷ್ಟು ಎಲೆ ತಂದಿದ್ಲು. ಏನೇ ಇದು ಅಂದ್ರೆ "ಬೇಸಿಲ್ ಅಮ್ಮ, ಇಟಲಿದು" ಅಂತ ಜಂಬ. ನಾನು ಮೂಸಿ ನೋಡ್ದೆ. ನಗು ತಡ್ಕೊಳ್ಳೋಕಾಗ್ಲಿಲ್ಲ. ಹೂವಿನ ಅಂಗಡೀಲಿ ಬೆಳೆದೋಳಪ್ಪಾ ನಾನು, ನಮ್ಮಮ್ಮ ಶಿವಾಜಿನಗರ ಮಾರ್ಕೆಟ್‌ನಲ್ಲಿ ಹೂವು ಕಟ್ತಾ ಇದ್ದೋಳು. ನನಗೆ ಆ ವಾಸನೆ ಗೊತ್ತಾಗಲ್ವಾ? ಅವಳೂ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಇಬ್ಬರೂ ಸೇರಿ ಹಿತ್ತಲಲ್ಲಿ ಹಳೇ ಪೇಂಟ್ ಡಬ್ಬೀಲಿ ಬೀಜ ಹಾಕಿದ್ವಿ. ಇನ್ನೂ ಇದೆ ಆ ಗಿಡ...

ಎಲೆ ತಂದಿದೀನಿ ಅಂತೀಯಾ? ಎಲ್ಲಿಂದ?... ಹೂವಿನೋನ ಹತ್ರಾನಾ? ಹೇಗಿದೆ ನೋಡೋಕೆ?... ಸಣ್ಣ ಸಣ್ಣ ಎಲೆ, ಕಡ್ಡಿ ಸ್ವಲ್ಪ ಕಪ್ಪು... ಹೂವಿನೋನು ಏನಂತ ಕೊಟ್ಟ?...

ಅಯ್ಯೋ ಮಹಾರಾಯ! ತುಳಸಿ ಕಣೋ ಅದು! ದೇವರಿಗೆ ಹಾಕೋ ತುಳಸಿ! ಮೊಬೈಲಲ್ಲಿ ಬೇಸಿಲ್ ಅಂದ್ರೆ ತುಳಸಿ ಅಂತ ತೋರಿಸ್ತಾ? ಅದಕ್ಕೇನು ಗೊತ್ತು. ತುಳಸಿ ಹಾಕಿ ನೂಡಲ್ಸ್ ಮಾಡಿದ್ರೆ ಕೆಮ್ಮಿನ ಕಷಾಯ ಆಗುತ್ತೆ ಅಷ್ಟೇ. ಎತ್ತಿ ಪಕ್ಕಕ್ಕಿಡಪ್ಪಾ, ನೆಲದ ಮೇಲೆ ಬೀಳಿಸ್ಬೇಡ ಮತ್ತೆ...

ನಗ್ಲಿಲ್ವಲ್ಲೋ ನೀನು. ಮೊದ್ಲು ಇಂಥದಕ್ಕೆಲ್ಲ ಬಿದ್ದು ಬಿದ್ದು ನಗ್ತಿದ್ದೆ...

ನೂಡಲ್ಸ್ ನೀರಿಗೆ ಹಾಕಿದ್ಯಾ? ಮುರೀಬೇಡ, ಹಾಗೇ ಬಿಡು, ತಾನೇ ಬಗ್ಗುತ್ತೆ. ಈಗ ಕೇಳು. ನಮ್ಮ ಎಲೆ ಕಾಮಕಸ್ತೂರಿ. ಕಾ-ಮ-ಕ-ಸ್ತೂ-ರಿ. ತುಳಸಿಗಿಂತ ದೊಡ್ಡ ಎಲೆ, ನುಣುಪಾಗಿರುತ್ತೆ... ಗೊತ್ತಾಗ್ಲಿಲ್ವಾ? ನಿಮ್ಮ ಕಡೆ ಸಬ್ಜಾ ಅಂತೀರಲ್ಲಪ್ಪಾ! ಫಲೂದಾಗೆ ಕಪ್ಪು ಬೀಜ ನೆನೆಸಿ ಹಾಕ್ತೀರಲ್ಲ, ಅದರ ಗಿಡ. ಸಬ್ಜಾ...

ಹಾಂ? ಮನೇಲೇ ಇದೆಯಾ? ನೋಡು ಮತ್ತೆ! ಮನೇಲೇ ಇಟ್ಕೊಂಡು ಮಾರ್ಕೆಟ್ ಸುತ್ತಿದೀಯಲ್ಲ. ಗಿಡ ಬೆಳೆಸಿದೀರಾ? ಕುಂಡದಲ್ಲಾ?...

ಕಟ್ಟಾ? ಕಟ್ಟು ತಂದಿದೀರಾ... ಎಲ್ಲಿದೆ?... ಬುಟ್ಟೀಲಿ. ಒದ್ದೆ ಬಟ್ಟೆ ಮುಚ್ಚಿ... ಸರಿ, ಅದರಲ್ಲೇ ಒಂದು ಹಿಡಿ...

ಯಾರದು ಹಿಂದೆ? ನಿಮ್ಮಮ್ಮಾನಾ? ಏನಂದ್ರು?... ನಕ್ಕೋ ಅಂದ್ರಲ್ಲ, ನನಗೂ ಕೇಳಿಸ್ತು, "ವೋ ನಕ್ಕೋ ಬೇಟಾ" ಅಂದ್ರು. ಯಾಕೆ ಬೇಡ್ವಂತೆ?...

ಆದಿಲ್. ಯಾಕೆ ಬೇಡ ಅಂದ್ರು ನಿಮ್ಮಮ್ಮ?...

ಆ ಬುಟ್ಟೀಲಿ ಸಬ್ಜಾ ಜತೆ ಇನ್ನೇನಿದೆ?...

ಗುಲಾಬಿ... ಬಿಡಿ ಗುಲಾಬಿ. ಕಟ್ಟದೆ ಇರೋದು...

ಇಲ್ಲ, ಸ್ವಲ್ಪ ಇರು. ಮಾತಾಡ್ಬೇಡ. ನಮ್ಮಮ್ಮ ಒಂದು ಮಾತು ಹೇಳ್ತಿದ್ಲು. ಬಿಡಿ ಗುಲಾಬಿ, ಸಬ್ಜಾ ಕಟ್ಟು, ಎರಡನ್ನೂ ಜತೆಗೆ ಕೇಳ್ಕೊಂಡು ಬಂದೋರ ಹತ್ರ ಚೌಕಾಸಿ ಮಾಡ್ಬೇಡ ಕಣೇ ಲಕ್ಷ್ಮೀ, ಅವರ ಮುಖಾನೂ ಜಾಸ್ತಿ ನೋಡಬೇಡ, ಸುಮ್ಮನೆ ಕೊಟ್ಟು ಕಳಿಸು ಅಂತ. ಖಬರಸ್ತಾನಕ್ಕೆ, ಗೋರಿ ಮೇಲೆ ಹಾಕೋಕೆ ತಗೊಂಡು ಹೋಗ್ತಾರೆ ಅದನ್ನ... ಯಾರಿಗೆ ತಂದಿದ್ದು ಆದಿಲ್?...

ನಿಮ್ಮಪ್ಪನಿಗಾ? ನಿಮ್ಮಪ್ಪ ಹೋಗಿ ತುಂಬಾ ವರ್ಷ ಆಯ್ತಲ್ವಾ, ವರ್ಷಕ್ಕೊಂದ್ಸಲ ಹೋಗ್ತೀರಲ್ವಾ ನೀವು, ಅವರಿಗೆ ತಾನೆ? ಹೌದು ಅನ್ನಪ್ಪಾ. ನಿಮ್ಮಪ್ಪನಿಗೆ ಅಂತ ಹೇಳು. ಸುಳ್ಳಾದ್ರೂ ಪರವಾಗಿಲ್ಲ, ಒಂದ್ಸಲ ಹೇಳ್ಬಿಡು...

ಅಳಬೇಡ...

ಅಳಬೇಡ ಕಣೋ...

ಯಾವಾಗ?...

ಮೊನ್ನೆ... ಹೊಟ್ಟೇಲೇ ಹೋಗಿಬಿಡ್ತಾ. ಹಾಂ... ಆಡ್ತಿಲ್ಲ ಅಂತ ಅವಳಿಗೇ ಅನ್ನಿಸ್ತಾ... ಆಸ್ಪತ್ರೆಗೆ ಹೋಗೋ ಹೊತ್ತಿಗೆ... ಹೆರಿಗೆ ಮಾಡಿಸಿದ್ರಾ? ನೋವು ತಿಂದ್ಲಾ ನನ್ನ ಮಗಳು? ಪೂರ್ತಿ ನೋವು ತಿಂದು... ಹೆಣ್ಣಾ, ಗಂಡಾ?...

ಹೆಣ್ಣು.

ಹೆಸರಿಟ್ಟಿದೀರಾ?... ಬೇಡ, ನೀನು ಹೇಳ್ಬೇಡ. ಅವಳ ಬಾಯಿಂದಾನೇ ಕೇಳ್ತೀನಿ...

ಥೂ ನಿನ್ನ! ನಾನು ಬಯಕೆ ಬಯಕೆ ಅಂತ ಕುಣೀತಿದ್ದೆ ಇಲ್ಲಿ, ನೀನು ಕೇಳಿಸ್ಕೊಂಡು ನಿಂತಿದ್ಯಲ್ಲೋ! ಏಳು ತುಂಬಿತಾ ಅಂತ ಕೇಳ್ದೆ, ಮಗು ಕಿವಿ ಸೋರುತ್ತೆ ಅಂದೆ. ಅಷ್ಟೂ ಅನ್ನಿಸ್ಕೊಂಡ್ಯಲ್ಲ, ಒಂದು ಮಾತು ಹೇಳೋಕಾಗ್ಲಿಲ್ವಾ ನಿನಗೆ? ಹಳೇ ಹತ್ತಿ ಸೀರೆ ಹರಿದು, ಒಗೆದು, ಮಡಚಿ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದೀನಿ. ಮುಂಚೇನೇ ಹೊಲೀಬಾರದು ಅಂತಾರೆ, ಅದಕ್ಕೆ ಹೊಲಿಗೇನೂ ಹಾಕಿಲ್ಲ, ಬರೀ ಮಡಚಿಟ್ಟಿದೀನಿ. ಏನು ಮಾಡ್ಲಿ ಅದನ್ನ ಈಗ?...

ಅವಳೇ ಬೇಡ ಅಂದ್ಲಾ? ಅಮ್ಮನಿಗೆ ಹೇಳಬೇಡ ಅಂದ್ಲಾ? ಯಾಕೆ? ನಾನೇನು ಹೊರಗಿನೋಳಾ?...

ಏನು?... ಏನಂತಾಳೆ?...

ಅಪ್ಪನ ಶಾಪ ಅಂತಾಳಾ?...

ಅಯ್ಯೋ ಹಂಸಾ...

ಹೌದು, ಅಂದಿದ್ರು. ನಾನೂ ಅಲ್ಲೇ ಇದ್ದೆನಲ್ಲ. ಅವಳು ಬ್ಯಾಗ್ ಎತ್ಕೊಂಡು ಮೆಟ್ಟಿಲಿಳೀತಿದ್ಲು. "ನಮ್ಮ ಹೊಟ್ಟೆ ಉರಿಸಿದ ಹಾಗೇ ನಿನ್ನ ಹೊಟ್ಟೇನೂ ಉರೀಲಿ" ಅಂದ್ಬಿಟ್ರು. ಕೋಪದಲ್ಲಿ ಬಂದ ಮಾತು ಕಣೋ ಅದು. ಕೋಪ ಬಂದ್ರೆ ಗಂಟಲಿಗೂ ನಾಲಿಗೆಗೂ ನಡುವೆ ಬಾಗಿಲಿಲ್ಲ ಆ ಮನುಷ್ಯನಿಗೆ. ಅವತ್ತು ರಾತ್ರಿ ಊಟ ಬಿಟ್ಟಿದ್ದೂ ಅವರೇ. ಇಷ್ಟು ದಿನ ಅದನ್ನ ಎದೇಲಿ ಇಟ್ಕೊಂಡಿದ್ಲಾ ಇವಳು? ಹೆತ್ತ ಅಪ್ಪನ ಮಾತು ಮಗು ಕತ್ತು ಹಿಸುಕುತ್ತಾ? ಅವರು ಏನೇ ಅಂದಿದ್ರೂ...

ಇರು...

ಎಷ್ಟೊತ್ತಿಂದ ನಿಂತಿದೀರಿ ಇಲ್ಲಿ?...

ಯಮುನಾ ಅಲ್ಲ ಕಣ್ರೀ. ಯಮುನಾ ಅಲ್ಲ. ಆದಿಲ್. ನಿಮ್ಮ ಅಳಿಯ. ಫೋನ್ ಕಿತ್ಕೋಬೇಕು ಅಂತಿದ್ರೆ ಕಿತ್ಕೊಳ್ಳಿ, ಆದ್ರೆ ಕೇಳಿಸ್ಕೊಂಡು ಕಿತ್ಕೊಳ್ಳಿ. ಹಂಸನ ಮಗು ಹೋಯ್ತಂತೆ. ಹೆಣ್ಣು ಮಗು. ಅಪ್ಪನ ಶಾಪ ತಟ್ತು ಅಂತ ಗೋಡೆ ಕಡೆ ತಿರುಗಿ ಮಲಗಿದಾಳಂತೆ ನಿಮ್ಮ ಮಗಳು. ಮೂರು ದಿನದಿಂದ ಊಟ ಇಲ್ವಂತೆ...

ಏನಾದ್ರೂ ಮಾತಾಡ್ರೀ...

ತಿರುಗಿ ಹೊರಟೇ ಹೋದ್ರು. ಹೋಗ್ಲಿ ಬಿಡು. ಅವರ ಕಾಫಿ ಆರಿ ತಣ್ಣಗಾಯ್ತು, ಆಗ್ಲಿ...

ಆದಿಲ್, ಅಳೋದು ನಿಲ್ಸು. ಮೂಗು ಒರೆಸ್ಕೋ. ನೂಡಲ್ಸ್ ನೋಡು ಮೊದ್ಲು, ಮುದ್ದೆ ಆಗ್ಬಿಡುತ್ತೆ. ಒಂದೆಳೆ ತೆಗೆದು ಕಚ್ಚು. ಒಳಗೆ ಒಂಚೂರು ಗಟ್ಟಿ ಇರ್ಬೇಕು... ಇದೆಯಾ? ಬಸಿ. ಆ ನೀರು ಒಂದು ಲೋಟ ಎತ್ತಿಡು, ಚೆಲ್ಲಬೇಡ. ಟೊಮೆಟೊ ಎಣ್ಣೆ ಬಿಟ್ಟಿದೆಯಾ?... ಹಾಂ. ಅದಕ್ಕೆ ನೂಡಲ್ಸ್ ಹಾಕು, ಆ ನೀರು ಸ್ವಲ್ಪ ಸ್ವಲ್ಪ ಹಾಕ್ತಾ ಮೇಲೆ ಕೆಳಗೆ ಮಾಡು. ಅಷ್ಟೇ ಅಡುಗೆ...

ಎಲೆನಾ? ಬೇಡ. ಆ ಬುಟ್ಟೀದು ಮುಟ್ಟಬೇಡ. ನಿಮ್ಮಮ್ಮ ಹೇಳಿದ್ದೇ ಸರಿ, ಅದು ಮಗೂದು. ಮಗೂಗೇ ಹೋಗ್ಲಿ. ಎಲೆ ನಾನು ತರ್ತೀನಿ...

ಹೌದು, ನಾನೇ. ನಮ್ಮ ಡಬ್ಬೀದು, ಅವಳೇ ಬೀಜ ಹಾಕಿದ್ದು. ಎಲೆ ಯಾವಾಗ್ಲೂ ಕೊನೆಗೇ ಹಾಕೋದು ಆದಿಲ್, ಒಲೆ ಆರಿಸಿದ ಮೇಲೆ. ಬೆಂಕಿ ತಾಗಿದ್ರೆ ಕಪ್ಪಾಗಿಬಿಡುತ್ತೆ, ಘಮಾನೂ ಹೋಗುತ್ತೆ. ಅದಕ್ಕೇ ಹೇಳ್ತಿರೋದು, ತಟ್ಟೆ ಮುಚ್ಚಿಡು, ಅಷ್ಟೊತ್ತಿಗೆ ನಾನು ಬಂದಿರ್ತೀನಿ. ಸೇಂಟ್ ಜಾನ್ಸ್ ರೋಡ್ ಮೇಲೆ ಆಟೋ ಸಿಕ್ಕಿದ್ರೆ ಎಷ್ಟೊತ್ತು? ಮನೆ ನೋಡಿದೀನಪ್ಪಾ, ಮಾಸ್ಕ್ ರೋಡ್ ಹತ್ರ, ಹಸಿರು ಗೇಟು. ಒಂದ್ಸಲ ಬಂದು ಎದುರಿಗಿರೋ ಬೇಕರೀಲಿ ಬನ್ ತಗೊಳ್ಳೋ ನೆಪದಲ್ಲಿ ನಿಂತಿದ್ದೆ. ಬಟ್ಟೆ ಒಣಗೋಕೆ ಹಾಕಿದ್ರಿ, ಅವಳ ಹಳದಿ ಚೂಡಿದಾರ್ ಕಂಡ್ತು. ಅಷ್ಟು ನೋಡ್ಕೊಂಡು ಬಂದೆ...

ಕೇಳು, ಇದನ್ನ ನಿಮ್ಮಮ್ಮನಿಗೆ ಹೇಳು. ಅವಳಿಗೆ ಎದೆ ಕಟ್ಟಿಕೊಂಡಿರುತ್ತೆ. ಹಾಲಿಗೇನು ಗೊತ್ತು, ಮಗು ಇಲ್ಲ ಅಂತ... ಹೌದಾ? ಜ್ವರಾನೂ ಬಂದಿದೆಯಾ? ಅದಕ್ಕೇ ಇರ್ಬೇಕು, ಡಾಕ್ಟರಿಗೂ ಒಂದು ಮಾತು ಹೇಳಿಡಿ. ನಾನು ಬರ್ತಾ ಮಲ್ಲಿಗೆ ಹೂವು ತರ್ತೀನಿ. ಮುಡಿಯೋಕಲ್ಲ. ಎದೆ ಮೇಲೆ ಇಟ್ಟು ಬಟ್ಟೇಲಿ ಕಟ್ಟಿದ್ರೆ ಹಾಲು ಇಂಗುತ್ತೆ ಅಂತ ನಮ್ಮಮ್ಮ ಎಷ್ಟು ಜನಕ್ಕೆ ಕೊಡ್ತಿದ್ಲು... ಬಟ್ಟೆ ಇದೆ. ಮೆತ್ತಗಿರೋದು, ಒಗೆದು ಮಡಚಿಟ್ಟಿರೋದು. ಅವಳಿಗೇ ಆಯ್ತು ಅದು...

ಅವಳ ಹತ್ರ ಹೋಗು ಈಗ. ಫೋನ್ ಕಿವಿಗೆ ಹಿಡಿ. ಮಾತಾಡದೆ ಇದ್ರೂ ಪರವಾಗಿಲ್ಲ, ಹಿಡಿ...

ಹಂಸಾ...

ಹಂಸಾ, ಅಮ್ಮ ಕಣೇ...

ಮಾತಾಡ್ಬೇಡ ಬಿಡು. ಉಸಿರಾಡೋದು ಕೇಳಿಸ್ತಿದೆ, ಸಾಕು ನನಗೆ. ನಿನ್ನ ಗಂಡ ಟೊಮೆಟೊ ನೂಡಲ್ಸ್ ಮಾಡಿದಾನೆ, ಚೆನ್ನಾಗೇ ಮಾಡಿರ್ತಾನೆ, ತುಳಸಿ ಹಾಕೋಕೆ ಹೊರಟಿದ್ದ ಅಷ್ಟೇ. ತಿನ್ನು ಅಂತ ಬಲವಂತ ಮಾಡಲ್ಲ. ನಾನು ಬಂದು ಪಕ್ಕದಲ್ಲಿ ಕೂತ್ಕೋತೀನಿ. ನೀನು ಗೋಡೆ ಕಡೇನೇ ತಿರುಗಿರು...

ಹೂಂ, ಅಳು. ಅಳು ಮಗಳೇ...

ನಾನು ನೋಡ್ಲಿಲ್ಲ ಕಣೇ ಅದರ ಮುಖಾನ. ಯಾರ ಥರ ಇತ್ತು?... ಕೂದಲಿತ್ತಾ? ತುಂಬಾ ಇತ್ತಾ?... ನಿಂಗೂ ಹಾಗೇ ಇತ್ತು, ಹುಟ್ಟಿದಾಗ್ಲೇ ಕಿವಿ ಮುಚ್ಚೋ ಅಷ್ಟು...

ಅದು ಶಾಪ ಅಲ್ಲ. ಅಲ್ಲ ಅಂದ್ರೆ ಅಲ್ಲ. ನನ್ನಾಣೆ. ಶಾಪ ಹಾಕಿ ಮಗು ಕಿತ್ಕೊಳ್ಳೋ ಅಷ್ಟು ದೊಡ್ಡೋರಾ ನಿಮ್ಮಪ್ಪ? ಒಂದು ಟ್ಯೂಬ್‌ಲೈಟ್ ಹಾಕೋಕೆ ಬರಲ್ಲ ಅವರಿಗೆ...

ಅಪ್ಪಾನಾ? ಹಾಂ, ಗೊತ್ತಾಯ್ತು ಅವರಿಗೆ. ನಾನೇ ಹೇಳ್ದೆ... ಕೇಳಿಸ್ಕೊಂಡು ಹೊರಟು ಹೋದ್ರು ಕಣೇ. ಇಲ್ಲ, ಟೀವಿ ಮುಂದೆ ಇಲ್ಲ. ಟೀವಿ ಆಫ್ ಆಗಿದೆ... ಚಪ್ಪಲಿ ಇಲ್ಲೇ ಇದೆ. ಹಿತ್ತಲ ಬಾಗಿಲು ತೆಗೆದಿದೆ, ಇರು, ನೋಡ್ತೀನಿ. ಫೋನ್ ಇಡಬೇಡ. ಪೀಂ ಪೀಂ ಅಂತಿದೆ, ಚಾರ್ಜ್ ಹೋಗ್ತಾ ಇದೆ...

ರೀ... ಅಲ್ಲೇನ್ರೀ ಮಾಡ್ತಿದೀರಿ ಒಬ್ಬರೇ?... ಚೀಲ ಯಾಕೆ?...

ಅಯ್ಯಯ್ಯೋ! ರೀ! ಅದು ತುಳಸಿ ಕಣ್ರೀ! ದೀಪ ಹಚ್ಚೋ ಹೊತ್ತಲ್ಲಿ ತುಳಸಿಗೆ ಕೈ ಹಾಕ್ತಾರಾ? ಬಿಡ್ರೀ ಅದನ್ನ!... ಈ ಕಡೆ, ಪೇಂಟ್ ಡಬ್ಬೀಲಿ... ಹಾಂ, ಅದೇ, ಹಂಸಂದು... ಬೇರು ಸಮೇತ ಯಾಕ್ರೀ ಕೀಳ್ತೀರಿ, ಎಲೆ ಸಾಕು... ಆಯ್ತು. ಆಯ್ತು ಬಿಡಿ, ಅಳಬೇಡಿ. ಡಬ್ಬೀನೇ ಎತ್ಕೊಳ್ಳಿ, ಸ್ಕೂಟರ್ ಮುಂದೆ ಇಟ್ಕೊಂಡು ಹೋಗೋಣ...

ಹಂಸಾ, ಕೇಳಿಸ್ತೇನೇ? ನಿಮ್ಮಪ್ಪಾನೂ ತುಳಸೀನೇ ಕೀಳ್ತಿದ್ರು ಕಣೇ. ನಿನ್ನ ಗಂಡನ ಥರಾನೇ... ನಗ್ತಿದೀಯೇನೇ?... ಅಳ್ತಿದೀಯಾ?... ಆದಿಲ್, ಒಲೆ ಆರಿಸಪ್ಪಾ, ಎಲೆ ಬರ್ತಾ ಇದೆ... ಹಲೋ?... ಹಂಸಾ, ಹಲೋ...